ಅಳಿಯಂದಿರ ಮಂಚ

ಅತಿಯಾದ ಗೌರವ ಮನುಷ್ಯನನ್ನು ಎಷ್ಟು ಒಂಟಿ ಮಾಡುತ್ತದೆ ಎಂಬುದು ನನಗೆ ತಿಳಿದದ್ದು ಭದ್ರಾವತಿಯಲ್ಲಿ, ಅತ್ತೆಯ ಮನೆಯ ದೊಡ್ಡ ಮಂಚದ ಮೇಲೆ. ಶಿವಮೊಗ್ಗದ ವಿದ್ಯಾನಗರದಿಂದ ಆ ಮನೆಗೆ ಹೋಗುವುದನ್ನು ಪ್ರಯಾಣ ಎನ್ನಲೂ ನಾಚಿಕೆಯಾಗುತ್ತದೆ. ಕಿಟಕಿ ಸೀಟಿಗಾಗಿ ಮಕ್ಕಳು ಜಗಳವಾಡಿ ಮುಗಿಸುವಷ್ಟರಲ್ಲಿ ಬಸ್ಸಿನಿಂದ ಇಳಿಯುವ ಹೊತ್ತಾಗಿರುತ್ತದೆ. ಆದರೂ ಅವರು ಅಲ್ಲಿ ರಾತ್ರಿ ಉಳಿಯಲೇಬೇಕು. ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಹಾಸಿಗೆ ಹಾಸಿ ಎಲ್ಲರೂ ಒಟ್ಟಿಗೆ ಮಲಗುವುದೇ ಅವರಿಗೆ ರಜೆ.

ಕಳೆದ ದಸರಾ ರಜೆಯಲ್ಲೂ ಹಾಗೇ ಆಯಿತು. ಊಟ ಮುಗಿದದ್ದೇ ತಡ, ಅತ್ತೆ, ನನ್ನ ಹೆಂಡತಿ ಸುಧಾ, ಅವಳ ತಂಗಿ, ನನ್ನಿಬ್ಬರು ಮಕ್ಕಳು ಜಮಖಾನ ಹರಡಿ ದಿಂಬಿಗಾಗಿ ಕಿತ್ತಾಡತೊಡಗಿದರು. ನಾನೂ ಒಂದು ಮೂಲೆ ಹಿಡಿದು ಕುಳಿತೆ. ಅತ್ತೆ ಗಾಬರಿಯಾದರು. "ಅಯ್ಯೋ, ನೀವ್ಯಾಕೆ ನೆಲದ ಮೇಲೆ? ರೂಮಲ್ಲಿ ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಕಿದೀನಿ, ಫ್ಯಾನೂ ರಿಪೇರಿ ಮಾಡಿಸಿದೀನಿ."

"ಪರವಾಗಿಲ್ಲ ಅತ್ತೆ, ಇಲ್ಲೇ..."

"ಹೋಗಿ ಮಾರಾಯ್ರೆ, ನೀವಿದ್ರೆ ಅಮ್ಮ ಕಾಲು ಚಾಚಲ್ಲ," ಎಂದಳು ಸುಧಾ. ಮಗಳು ಇನ್ನೂ ನೇರ: "ಅಪ್ಪ, ನೀನು ಗೊರಕೆ ಹೊಡೀತೀಯ. ಹೋಗು."

ನಾಲ್ಕು ಜನ ಮಲಗಬಹುದಾದ ಮಂಚದಲ್ಲಿ ಒಬ್ಬನೇ ಬಿದ್ದುಕೊಂಡೆ. ಗೋಡೆಯಾಚೆ ಪಿಸುಪಿಸು, ಆಮೇಲೆ ನಗು. ನನ್ನನ್ನೇ ಆಡಿಕೊಳ್ಳುತ್ತಿದ್ದಾರೆಂದು ಸಿಟ್ಟು ಬಂತು. ಕಿವಿಗೊಟ್ಟರೆ, ಸುಧಾ ಚಿಕ್ಕವಳಿದ್ದಾಗ ಒಂದು ಕಾಲಿಗೆ ತನ್ನ, ಇನ್ನೊಂದಕ್ಕೆ ತಂಗಿಯ ಚಪ್ಪಲಿ ಹಾಕಿಕೊಂಡು ಶಾಲೆಗೆ ಹೋದ ಕಥೆ. ನನ್ನ ಹೆಸರು ಎಲ್ಲೂ ಬರಲಿಲ್ಲ. ಅದಕ್ಕೆ ಇನ್ನೂ ಬೇಸರವಾಯಿತು. ಇಷ್ಟು ವರ್ಷ ಸಂಸಾರ ಮಾಡಿದರೂ ಆ ಚಪ್ಪಲಿಯ ವಿಷಯ ನನಗೆ ಗೊತ್ತೇ ಇರಲಿಲ್ಲ.

ತಡೆಯಲಾರದೆ, ನೀರಿನ ನೆಪ ಮಾಡಿಕೊಂಡು ಬಾಗಿಲು ತೆರೆದೆ. ನಗು ತಟ್ಟನೆ ನಿಂತಿತು. ಅತ್ತೆ ಎದ್ದು ಕುಳಿತು ಸೆರಗು ಸರಿಮಾಡಿಕೊಂಡರು, ನಾದಿನಿ ಲೈಟು ಹಾಕಿ, "ಏನು ಬೇಕಿತ್ತು ಭಾವ?" ಎಂದಳು. "ನೀರು," ಎಂದೆ. ಬಾಯಾರಿಕೆಯೇ ಇಲ್ಲದೆ ಎರಡು ಲೋಟ ನೀರು ಕುಡಿದು ಮರಳಿದೆ. ನನ್ನ ಬಾಗಿಲು ಮುಚ್ಚಿದ ಮೇಲೆ ಆ ಕಡೆ ಕಥೆ ಮುಂದುವರಿಯಿತು.

ಸ್ವಲ್ಪ ಹೊತ್ತಿಗೆ ಐದು ವರ್ಷದ ಮಗ ದಿಂಬು ಎಳೆದುಕೊಂಡು ಬಂದ. "ಅಲ್ಲಿ ಜಾಗ ಇಲ್ಲ. ನಿನ್ ಹತ್ರ ಯಾರೂ ಇಲ್ವಲ್ಲ," ಎಂದು ಹತ್ತಿ ಮಲಗಿದ. ಬೆಳಗಾಗುವವರೆಗೆ ಮಂಚದ ತುಂಬ ಉರುಳಾಡಿ, ಒಮ್ಮೆ ನನ್ನ ಪಕ್ಕೆಗೆ, ಒಮ್ಮೆ ಮೂಗಿಗೆ ಒದ್ದ. ಅಷ್ಟು ಸುಖವಾಗಿ ನಾನು ಆ ಮನೆಯಲ್ಲಿ ಎಂದೂ ನಿದ್ದೆಗೆಟ್ಟಿರಲಿಲ್ಲ.

ಬೆಳಿಗ್ಗೆ ಕಾಫಿ ಕೊಡುತ್ತಾ ಅತ್ತೆ, "ಚೆನ್ನಾಗಿ ನಿದ್ದೆ ಬಂತಾ?" ಎಂದರು. ಎಲ್ಲರೂ ನನ್ನತ್ತ ನೋಡಿದರು. ಆ ಖುಷಿಗೆ ದೊಡ್ಡದಾಗಿ ಆಕಳಿಸಿ, "ಎಲ್ಲಿಂದ ಬರುತ್ತೆ ಅತ್ತೆ! ಇವನು ರಾತ್ರಿಯೆಲ್ಲ ನನ್ನನ್ನ ಫುಟ್‌ಬಾಲ್ ಮಾಡ್ಕೊಂಡಿದ್ದ," ಎಂದೆ. ಎಲ್ಲರೂ ನಕ್ಕರು. ಆ ಮನೆಯ ನಗುವಿನಲ್ಲಿ ಮೊದಲ ಬಾರಿಗೆ ನಾನೂ ಇದ್ದೆ. ಉಬ್ಬಿಹೋಗಿ, ಮೂಗು ತೋರಿಸಿ ಮತ್ತೊಮ್ಮೆ ಹೇಳಿದೆ.

ಅತ್ತೆ ಮಾತ್ರ ನಗಲಿಲ್ಲ. ಮುಂದಿನ ಸಲ ಹೋದಾಗ ಕೋಣೆಯ ಬಾಗಿಲಿಗೆ ಒಳಗಡೆಯಿಂದ ಹಾಕಿಕೊಳ್ಳುವ ಹೊಸ ಚಿಲಕ ಬಂದಿತ್ತು. "ಇನ್ನು ನಿಮಗೆ ಯಾರ ಕಾಟವೂ ಇಲ್ಲ ನೋಡಿ," ಎಂದರು. ಥ್ಯಾಂಕ್ಸ್ ಹೇಳಿ ಒಳಗೆ ಹೋದೆ. ಚಿಲಕ ಹಾಕದೆ, ಬಾಗಿಲನ್ನು ಸ್ವಲ್ಪ ತೆರೆದೇ ಇಟ್ಟು, ಒಂದು ಮಗು ಮಲಗುವಷ್ಟು ಜಾಗ ಬಿಟ್ಟು ಮಲಗಿದೆ. ಬೆಳಗಿನವರೆಗೂ ನನ್ನನ್ನು ಯಾರೂ ಒದೆಯಲಿಲ್ಲ.