ಬಾಗಿಲಲ್ಲಿ ನಿಂತುಬಿಡುವ ಕಾಲು

ಮನುಷ್ಯರ ದೇಹ ಹೇಗೆ ನಡೆಯುತ್ತದೆ ಎಂದು ಪುಸ್ತಕದಲ್ಲಿ ಓದಿದವರಿಗೆ ನಿಜವಾದ ದೇಹಗಳು ಆಗಾಗ ಮುಖಭಂಗ ಮಾಡುತ್ತಲೇ ಇರುತ್ತವೆ. ಸ್ಕಾರ್‌ಬರೋದ ಸ್ಟ್ರಿಪ್ ಮಾಲ್ ಒಂದರಲ್ಲಿ, ಸಮೋಸ ಅಂಗಡಿಗೂ ಲಾಂಡ್ರಿಗೂ ನಡುವೆ ಇರುವ ನಮ್ಮ ಫಿಸಿಯೋ ಕ್ಲಿನಿಕ್ಕಿನಲ್ಲಿ ಇದು ವಾರಕ್ಕೆ ಎರಡು ಸಲವಾದರೂ ಆಗುತ್ತದೆ. ಹೆಚ್ಚಿನ ಸಲ ನನಗೇ ಆಗುತ್ತದೆ.

೧. ನೆಟ್ಟಗೆ ನಿಲ್ಲುವ ವಿದ್ಯೆ

ಬೆಂಗಳೂರಿನಲ್ಲಿ ಫಿಸಿಯೋಥೆರಪಿ ಓದಿ ಬಂದವಳು ನಾನು. ಇಲ್ಲಿ, ಪರದೇಶದಲ್ಲಿ, ಲೈಸೆನ್ಸ್ ಸಿಗುವವರೆಗೆ ಅಸಿಸ್ಟೆಂಟ್. ಇಂಟರ್‌ವ್ಯೂನಲ್ಲಿ ಕ್ಲಿನಿಕ್ಕಿನ ಓನರ್ ಕೇಳಿದ್ದು ಒಂದೇ ಪ್ರಶ್ನೆ: ಮನುಷ್ಯ ಬೀಳದೆ ಹೇಗೆ ನಿಲ್ಲುತ್ತಾನೆ? ಕಾನ್ವೆಂಟಿನಲ್ಲಿ ಬಾಯಿಪಾಠ ಮಾಡಿ ಬೆಳೆದವಳಿಗೆ ಇದೇನು ಕಷ್ಟ. ಕಣ್ಣು, ಒಳಕಿವಿ, ಪಾದ ಮೇಲಕ್ಕೆ ಕಳಿಸುವ ಸುದ್ದಿ, ಅದನ್ನೆಲ್ಲ ತೂಗಿ ನೋಡುವ ಕಿರುಮೆದುಳು, ಬೆನ್ನಿನ ಸ್ನಾಯುಗಳಿಗೆ ಹೋಗುವ ಆಜ್ಞೆ, ಎಲ್ಲವನ್ನೂ ನೆಲ ನೋಡುತ್ತಾ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಎಲ್ಲ ಸರಿ, ಆದರೆ ನೀನ್ಯಾಕೆ ಇಷ್ಟು ಬಗ್ಗಿದ್ದೀಯ ಅಂದರು.

ಆದರೂ ಕೆಲಸ ಕೊಟ್ಟರು. ಒಂದು ವರ್ಷ ದುಡಿದರೆ, ಹೊರದೇಶದಲ್ಲಿ ಓದಿ ಬಂದವರಿಗಿರುವ ಬ್ರಿಡ್ಜಿಂಗ್ ಕೋರ್ಸಿಗೆ ಪತ್ರ ಬರೆದುಕೊಡುತ್ತೇನೆ ಅಂದರು. ಈಕೆ ಸ್ವಂತವಾಗಿ ಯೋಚಿಸಿ ರೋಗಿಗಳನ್ನು ನೋಡಬಲ್ಲಳು ಎಂಬ ಒಂದು ವಾಕ್ಯ ಅದರಲ್ಲಿರಬೇಕು. ಆ ವಾಕ್ಯವಿಲ್ಲದೆ ಕೋರ್ಸಿಲ್ಲ, ಕೋರ್ಸಿಲ್ಲದೆ ನನಗೆ ಲೈಸೆನ್ಸಿಲ್ಲ.

ಮರುದಿನದಿಂದ ಟವೆಲ್ ಮಡಚುವ ಕೆಲಸ. ಅದಕ್ಕಂತೂ ಬಗ್ಗಲೇಬೇಕು.

೨. ಹೂಂ ಅನ್ನುವ ಕಾಲು

ಧಾರವಾಡದ ಹಿರಿಯ ಹೆಂಗಸೊಬ್ಬರು, ನಮಗೆಲ್ಲ ಕಾಕು, ವಾರಕ್ಕೆರಡು ದಿನ ಬರುತ್ತಾರೆ. ಪಾರ್ಕಿನ್ಸನ್ ಕಾಯಿಲೆ. ಬಯಲಲ್ಲಿ ಹೇಗೋ ನಡೆಯುತ್ತಾರೆ, ಬಾಗಿಲು ಬಂದರೆ ಪಾದ ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದೆ. ಹಿಂದಿನಿಂದ ಮಗ ಫೋನು ನೋಡುತ್ತಲೇ ನಡಿ, ನಡಿ ಅನ್ನುತ್ತಾನೆ. ಅದರಿಂದ ಇನ್ನಷ್ಟು ಅಂಟುತ್ತದೆ.

ಕಾಲು ಏನು ಹೇಳುತ್ತೆ ಕಾಕು ಎಂದು ನಾನು ಒಮ್ಮೆ ಕೇಳಿದೆ.

"ನನ್ನ ಕಾಲು ನನ್ನ ಮಗನ ಹಂಗ ಅದಾವ, ತಂಗಿ. ಎಲ್ಲಾದಕ್ಕೂ ಹೂಂ ಅಂತಾವ, ಜಾಗಾ ಬಿಟ್ಟ ಏಳೂದಿಲ್ಲ."

ಮಗ ಫೋನಿನಿಂದ ತಲೆಯೆತ್ತದೆ ಹೂಂ ಅಂದ.

೩. ಮಣಿಕಟ್ಟಿನವರೆಗೆ

ನಡೆಯುವುದನ್ನು ಮೆದುಳು ನಮ್ಮನ್ನು ಕೇಳದೆ ತಾನೇ ನಡೆಸಿಕೊಂಡು ಹೋಗುತ್ತದೆ. ಈ ಕಾಯಿಲೆಯಲ್ಲಿ ಆ ದಾರಿ ಕಟ್ಟಿಹೋಗುತ್ತದೆ. ಕಣ್ಣಿಗೆ ದಾಟಲು ಒಂದು ಗೆರೆ ಕೊಟ್ಟರೆ ಆಜ್ಞೆ ಬೇರೆ ದಾರಿ ಹಿಡಿದು ಕಾಲಿಗೆ ಮುಟ್ಟುವುದುಂಟು. ಹಾಗಂತ ನಾನು ಬಾಗಿಲಲ್ಲಿ ಹಳದಿ ಟೇಪು ಅಂಟಿಸಿದೆ. ಕಾಕು ಅದನ್ನು ನೋಡಿ, ಇಲ್ಲೆ ರಿಪೇರಿ ನಡದೈತೇನು ಎಂದು ಕೇಳಿ ಅಲ್ಲೇ ನಿಂತರು.

ಮುಂದಿನ ಸಲ ಚಾಕ್‌ಪೀಸಿನಲ್ಲಿ ನಾಲ್ಕೆಳೆಯ ರಂಗೋಲಿ ಎಳೆದೆ. ಕಾಕು ಬಂದರು, ನೋಡಿದರು, ಅಯ್ಯ, ತುಳದ್ರ ಹೆಂಗ ಅನ್ನುತ್ತಾ ಸೀರೆಯ ನಿರಿಗೆ ಹಿಡಿದು ಕಾಲೆತ್ತಿ ದಾಟಿಬಿಟ್ಟರು. ಮೂರು ತಿಂಗಳಲ್ಲಿ ಮೊದಲ ಸಲ.

ಸಂಜೆ ಕ್ಲಿನಿಕ್ಕಿನ ಪೇಜಿನಲ್ಲಿ ರಂಗೋಲಿಯ ಫೋಟೋ, ಕೆಳಗೆ ಓನರ್ ಹೆಸರು, ನಮ್ಮ ಹೊಸ ವಿಧಾನ ಎಂಬ ಶೀರ್ಷಿಕೆ. ಫೋಟೋದಲ್ಲಿ ನಾನೂ ಇದ್ದೆ. ಮಣಿಕಟ್ಟಿನವರೆಗೆ.

೪. ಸ್ಟಿಕರ್

ಹೊಸ ವಿಧಾನ ನೋಡಲು ಇಬ್ಬರು ಡಾಕ್ಟರು ಬರುವವರಿದ್ದರು. ಚಾಕ್‌ಪೀಸು ಪ್ರೊಫೆಷನಲ್ ಆಗಿ ಕಾಣುವುದಿಲ್ಲವೆಂದು ಓನರ್, ಜೆರಾರ್ಡ್ ಸ್ಟ್ರೀಟಿನ ಇಂಡಿಯನ್ ಅಂಗಡಿಯಿಂದ ಪ್ಲಾಸ್ಟಿಕ್ ರಂಗೋಲಿ ಸ್ಟಿಕರ್ ತಂದು ಅಂಟಿಸಿದರು. ಮೊದಲು ಕಾಕುಗೆ ತೋರಿಸೋಣ ಅನ್ನಬೇಕೆಂದಿದ್ದೆ. ಮಾತು ತುಟಿಯವರೆಗೆ ಬಂತು, ಅಲ್ಲೇ ಬಾಗಿಲಲ್ಲಿ ನಿಂತಿತು.

ಡಾಕ್ಟರುಗಳ ಮುಂದೆ ಕಾಕು ಬಂದರು. ಸ್ಟಿಕರನ್ನು ಡೋರ್‌ಮ್ಯಾಟ್ ಅಂದುಕೊಂಡರು. ನಡುಮಧ್ಯೆ ಕಾಲಿಟ್ಟು, ಚಪ್ಪಲಿ ಒರೆಸಿ, ಅಲ್ಲೇ ಅಂಟಿಕೊಂಡರು. ಓನರ್ ಹಲ್ಲು ಕಚ್ಚಿ ನನ್ನತ್ತ ನೋಡಿದರು. ಸ್ಟಿಕರಿನಾಚೆ ನಾನು ಚಾಕ್‌ಪೀಸಿನಲ್ಲಿ ಎರಡೆಳೆ ಎಳೆದೆ, ಕಾಕು ದಾಟಿದರು.

ಇದು ನಿಮ್ಮ ಐಡಿಯಾನಾ ಎಂದು ಒಬ್ಬ ಡಾಕ್ಟರು ನನ್ನನ್ನೇ ಕೇಳಿದರು. ಹೌದು ಅನ್ನಲು ಒಂದೇ ಪದ ಸಾಕಿತ್ತು. ನನ್ನ ಕತ್ತು ತಾನಾಗಿ ನೆಲದತ್ತ ಬಗ್ಗಿತು.

ಟೀಮ್‌ವರ್ಕ್, ಅಂದರು ಓನರ್.

೫. ಪತ್ರ

ವರ್ಷ ತುಂಬಿದ ದಿನ ಪತ್ರ ಕೈಗೆ ಬಂತು. ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಾಳೆ ಎಂದಿತ್ತು. ನನಗೆ ಬೇಕಿದ್ದ ಆ ಒಂದು ವಾಕ್ಯ ಇರಲಿಲ್ಲ. ಒಳಗೆ ಹೋಗಿ ಕೇಳಿಬಿಡುತ್ತೇನೆ ಎಂದು ಓನರ್ ಕೋಣೆಯ ಬಾಗಿಲಿಗೆ ಹೋದೆ. ಹತ್ತು ನಿಮಿಷ ನಿಂತೆ, ಕೈತುಂಬ ಟವೆಲ್ ಹಿಡಿದು.

ಪಕ್ಕದ ಕುರ್ಚಿಯಲ್ಲಿ ಮಗನಿಗಾಗಿ ಕಾಯುತ್ತಾ ಕೂತಿದ್ದ ಕಾಕು ನೋಡುತ್ತಲೇ ಇದ್ದರು. ಏನಾತು ಅಂದರು, ಹೇಳಿದೆ. ನನ್ನ ಜೇಬಿನಿಂದ ಚಾಕ್‌ಪೀಸು ಎಳೆದುಕೊಂಡರು. ನಾನು ಬೇಡ ಅನ್ನುವಷ್ಟರಲ್ಲಿ ಕೂತಲ್ಲಿಂದಲೇ ಬಗ್ಗಿ, ನಡುಗುವ ಕೈಯಲ್ಲಿ ಹೊಸ್ತಿಲಿಗೆ ಅಡ್ಡಲಾಗಿ ಒಂದು ಗೆರೆ ಎಳೆದರು. ಇಸಿಜಿ ಕಾಗದದ ಗೆರೆಯ ಹಾಗಿತ್ತು.

"ಇನ್ನ ನೀ ದಾಟು."

ನಾನು ಬಲಗಾಲು ಎತ್ತಿದೆ. ನಿಜವಾಗಿಯೂ ಎತ್ತಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಓನರ್ ಗೆರೆಯ ಮೇಲೇ ಕಾಲಿಟ್ಟು ಹೊರಗೆ ಬಂದು, ಕೆಳಗೆ ನೋಡಿ, ಇದೇನು ಗಲೀಜು ಅಂದರು.

ಬಿಸಿ ಹಂಚು ಮುಟ್ಟಿದಾಗ ಕೈ ಮೆದುಳನ್ನು ಕೇಳಿ ಹಿಂದೆ ಸರಿಯುವುದಿಲ್ಲ, ಬೆನ್ನುಹುರಿಯೇ ತೀರ್ಮಾನ ಮಾಡಿಬಿಡುತ್ತದೆ. ನನ್ನ ಮೆದುಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ನಾನು ಸಾರಿ ಅಂದು, ಬಗ್ಗಿ, ಗೆರೆಯನ್ನು ಒರೆಸಿ, ಆ ಟವೆಲನ್ನೂ ಮಡಚಿಯಾಗಿತ್ತು.

ಓನರ್ ಹೋದ ಮೇಲೆ ಕಾಕು ಚಾಕ್‌ಪೀಸನ್ನು ನನ್ನ ಜೇಬಿಗೆ ವಾಪಸು ಹಾಕಿದರು.

"ನಾ ನಿಲ್ಲೂದಕ್ಕ ರೋಗ ಅಂತಾರ," ಅಂದರು. "ನೀ ನಿಲ್ಲೂದಕ್ಕ ಏನಂತಾರ, ತಂಗಿ?"