ಬಾಗಿಲಿಲ್ಲದ ವಾಯುವೇಗ

ಎಲೌ ವಾಗ್ದೇವಿ, ಪೆಟ್ರೋಲಿನ ಘಮಕ್ಕೇ ಯೌವನಕ್ಕೆ ಮತ್ತೇರುತ್ತಿದ್ದ, ತೆಳುಮೀಸೆಯ ತರುಣರೆಲ್ಲರೂ ತಮ್ಮನ್ನು ತಾವೇ ಚಕ್ರವರ್ತಿಗಳೆಂದು ಬಗೆದಿದ್ದ ಆ ಮಹಾಯುಗವನ್ನು ನೆನೆದು, ಗದಗಪುರನಿವಾಸಿಯೂ ಶುಭ್ರಧೋತರಧಾರಿಯೂ ನಿವೃತ್ತಚಿತ್ರಕಲಾಧ್ಯಾಪಕಕುಲತಿಲಕನೂ ಆದ ಗುರುಪಾದಪ್ಪ ಹೊಂಬಳನ ಪರಾಕ್ರಮವನ್ನು ಹೇಳಲು ನನ್ನ ನಾಲಿಗೆಗೆ ಬಲ ಕೊಡು. ಆತನ ಮೊಣಕಾಲಿಗೂ ಸ್ವಲ್ಪ ಕೊಡು.

ಆ ಯುಗದಲ್ಲಿ ಈ ವೀರನು ಗುಜರಿಗೆ ಹೊರಟಿದ್ದ ಅಂಬಾಸಿಡರ್ ಒಂದನ್ನು ಕೊಂಡು, ಅದರ ಚಾವಣಿಯನ್ನು ಕತ್ತರಿಸಿ ಎಸೆದು, ಮೈಗೆಲ್ಲ ಕುಂಕುಮಗೆಂಪು ಬಳಿದು, ಮೂತಿಗೆ ಹಿತ್ತಾಳೆಯ ಗರುಡನನ್ನು ಕೂರಿಸಿ, ವಾಯುವೇಗವೆಂದು ಹೆಸರಿಟ್ಟನು. ಕಡೆಗೆ ಬಾಗಿಲುಗಳನ್ನೆಲ್ಲ ವೆಲ್ಡಿಂಗ್ ಮಾಡಿಸಿ ಮುಚ್ಚಿಸಿದನು. ಬಾಗಿಲು ತೆರೆದು ಕೂರುವುದು ಗುಮಾಸ್ತರ ಪದ್ಧತಿ, ವೀರನಾದವನು ಹಾರಿಯೇ ಏರತಕ್ಕದ್ದು ಎಂಬುದು ಆತನ ಮತ. ಆತ ಹಾರುವುದನ್ನು ನೋಡಲು ಸ್ಟೇಷನ್ ರಸ್ತೆಯೇ ನಿಲ್ಲುತ್ತಿತ್ತು.

ಆದರೆ ಮದುವೆಯ ದಿನ, ರೇಷ್ಮೆ ಸೀರೆಯುಟ್ಟ ವಧು ನೀಲಗಂಗವ್ವ ಬೀಗರೆಲ್ಲರ ಎದುರು ಹಾರಲೊಲ್ಲದೆ ದಿಬ್ಬಣದ ಬಸ್ಸಿನಲ್ಲೇ ಗಂಡನ ಮನೆಗೆ ಬಂದಳು. ವರನು ಮುಂದೆ ಒಬ್ಬನೇ ಕಾರಿನಲ್ಲಿ ಬಂದನು. ಆಮೇಲೆ ಕಾರು ಮಾರಾಟವಾಗಿ ಕೈಬಿಟ್ಟು ಹೋಯಿತು. ಅವಳು ಅದರಲ್ಲಿ ಒಮ್ಮೆಯೂ ಕೂರಲಿಲ್ಲ. ಈ ಮಾತು ಆ ಮನೆಯಲ್ಲಿ ಹಬ್ಬಕ್ಕೊಮ್ಮೆಯಾದರೂ ಎದ್ದೇಳುತ್ತಿತ್ತು.

ನಿವೃತ್ತಿಯಾದ ಮೇಲೆ, ಆ ಮಾತು ಹೀಗೆ ಎದ್ದ ಒಂದು ದಿನ, ವೀರನು ಮಂಚದ ಮೇಲಿಂದಲೇ ಗುಡುಗಿದನು: "ಆ ಗಾಡಿ ಎಲ್ಲೇ ಇರಲಿ, ಹುಡುಕಿ ತಗದು, ನಿನ್ನ ಕಣ್ಣ ಮುಂದ ಇನ್ನೊಮ್ಮೆ ಹಾರಿ ಕುಂದರಲಿಲ್ಲಂದ್ರ ನಾ ಗುರುಪಾದಪ್ಪನ ಅಲ್ಲ!"

"ಮೊದಲ ಮಂಚಾ ಇಳೀರಿ ಸರಳ," ಎಂದಳು ಸತಿ.

ಗ್ಯಾರೇಜೆಂಬ ಗಿರಿಗಳನ್ನು ದಾಟಿ, ಗುಜರಿಯೆಂಬ ಘೋರಾರಣ್ಯಗಳನ್ನು ಜಾಲಾಡಿ, ಕೊಂಡವನಿಂದ ಕೊಂಡವನ ಜಾಡು ಹಿಡಿದು, ಸತಿಸಮೇತನಾಗಿ ಆತನು ಅಣ್ಣಿಗೇರಿಯ ರಾಜೇಸಾಬ ನದಾಫನೆಂಬ ಗಾದಿ ಹೊಲಿಯುವವನ ಹಿತ್ತಲನ್ನು ಮುಟ್ಟಿದನು. ಅಲ್ಲಿ ಬೇವಿನ ಮರಕ್ಕೆ ಬಲಮೈ ಒರಗಿಸಿ, ಗಾಲಿಗಳಿಲ್ಲದೆ ಇಟ್ಟಿಗೆಗಳ ಮೇಲೆ ವಾಯುವೇಗ ನಿಂತಿತ್ತು. ಗರುಡನಿಗೆ ಒಂದೇ ರೆಕ್ಕೆ ಉಳಿದಿತ್ತು. ಒಳಗೆ ಆಡಿನ ಮರಿಗಳಿದ್ದವು. ಗುರುಪಾದಪ್ಪನ ಕಣ್ಣು ತುಂಬಿ ಬಂತು.

"ಭಾಳ ಛಲೋ ಗಾಡಿ ರೀ ಮಾಸ್ತರ," ಎಂದ ರಾಜೇಸಾಬ. "ಬಾಗಲಾನ ಇಲ್ಲ. ಒಳಗ ಹಾಕಿದ ಮರಿ ಹೊರಗ ಬರಂಗಿಲ್ಲ. ಮಾಡಿಸಿದಾಂವ ಭಾರೀ ಶಾಣ್ಯಾ ಇರಬೇಕು."

ಮರಿಗಳನ್ನು ಎತ್ತಿ ಹೊರಗಿಟ್ಟದ್ದಾಯಿತು. ವೀರನು ಧೋತರದ ಕಚ್ಚೆ ಬಿಗಿದು, "ಎಲೈ ವಾಯುವೇಗವೇ, ನಿನ್ನ ಒಡೆಯನು ಬಂದಿದ್ದಾನೆ, ಬೆನ್ನು ಕೊಡು!" ಎಂದು ಗರ್ಜಿಸಿ ನೆಗೆದನು. ಬಲಗಾಲು ಏರಿತು. ಎಡಮೊಣಕಾಲು ಒಪ್ಪಲಿಲ್ಲ. ಬಾಗಿಲಿನ ಮೇಲೆ ಹೊಟ್ಟೆಯೂರಿ ಜೋತುಬಿದ್ದ ಮಹಾಶೂರನ ಒಂದೊಂದು ಕಾಲನ್ನು ರಾಜೇಸಾಬನೂ ನೀಲಗಂಗವ್ವನೂ ಹಿಡಿದೆತ್ತಿ ಒಳಗೆ ಉರುಳಿಸಿದರು.

ಆತನು ಸ್ಟೇರಿಂಗು ಹಿಡಿದು ಕೂತನು. ಬಹಳ ಸಂತೋಷವಾಯಿತು. ಇಳಿಯಬೇಕೆಂದಾಗ ಇಳಿಯಲಾಗಲಿಲ್ಲ. ಮೊಣಕಾಲು ಹಿಡಿದುಕೊಂಡಿತ್ತು, ಇನ್ನೊಮ್ಮೆ ಎತ್ತಲು ಹೋದರೆ ಚೀರುತ್ತಿದ್ದನು. ಹೊರಗೆ ನಿಂತ ಮರಿಗಳು ಆತನನ್ನೇ ನೋಡಿದವು.

ಕಡೆಗೆ ಪಕ್ಕದ ಓಣಿಯ ವೆಲ್ಡರ್ ಈರಪ್ಪ ಕಟರ್ ತಂದು, ಅಗ್ನಿವರ್ಷವನ್ನೇ ಸುರಿಸಿ, ಎಡಬಾಗಿಲಿನ ಹಳೆಯ ಬೆಸುಗೆಯನ್ನು ಬಿಡಿಸಿದನು. ಬಾಗಿಲು ಕಿರ್ರೆಂದು ತೆರೆಯಿತು. ವೀರನು ಸೀಟಿನ ಮೇಲೆ ಜರುಗುತ್ತ ಆ ಕಡೆ ಬರುವಷ್ಟರಲ್ಲಿ ಅಲ್ಲಿ ನೀಲಗಂಗವ್ವ ಸೀರೆಯ ನಿರಿಗೆ ಹಿಡಿದು ನಿಂತಿದ್ದಳು.

"ಸ್ವಲ್ಪ ಸರೀರಿ," ಎಂದು ಒಳಗೆ ಬಂದು ಕೂತಳು. "ಅವತ್ತ ಇಷ್ಟ ಮಾಡಿಸಿದ್ರ ಸಾಕಿತ್ತು."

ಗುರುಪಾದಪ್ಪ ಮತ್ತೆ ಸ್ಟೇರಿಂಗಿನ ಕಡೆಗೆ ಜರುಗಿದನು. "ಎಲ್ಲಿಗೆ ಹೋಗೂಣು?" ಎಂದನು.

"ಎಲ್ಲಿಗೂ ಬ್ಯಾಡ. ಸುಮ್ನ ಕುಂದರ್ರಿ."

ಕೂತರು.

"ಅದೆಲ್ಲಾ ಖರೇ ರೀ ಮಾಸ್ತರ," ಎಂದ ರಾಜೇಸಾಬ. "ಈಗ ನನ್ನ ಮರಿ ಎಲ್ಲಿ ಹಾಕಲಿ?" ಇಬ್ಬರೂ ಇಳಿದು, ಆ ಬಾಗಿಲನ್ನು ಗಾದಿ ಕಟ್ಟುವ ಹಗ್ಗದಿಂದ ಬಿಗಿದು, ಮರಿಗಳನ್ನು ಮತ್ತೆ ಒಳಗೆ ಬಿಟ್ಟು, ದಂಪತಿಗಳು ಗದಗಿನ ಬಸ್ಸಿಗೆ ನಡೆದರು. ಬಸ್ಸಿನ ಮೆಟ್ಟಿಲು ಎತ್ತರವಾಗಿತ್ತು. ನೀಲಗಂಗವ್ವ ಮೊದಲು ಹತ್ತಿ ಕೈ ಕೊಟ್ಟಳು.