ದ್ರಾಕ್ಷಿ ಅಜ್ಜನ ಗಜಕರ್ಣ

ಗಜಕರ್ಣಕ್ಕ ಔಷಧ ಕೊಡೂದು ಏನೂ ದೊಡ್ಡ ಮಾತಲ್ಲ. ಔಷಧ ತಗೊಂಡವರು ಮನಿಗಿ ಹೋಗಿ ಅದನ್ನ ಏನ್ ಮಾಡ್ತಾರ ಅನ್ನೂದ ದೊಡ್ಡ ಮಾತು. ನಾ ಐನಾಪುರದಾಗ ಚರ್ಮದ ದವಾಖಾನಿ ಇಟ್ಟಾಕಿ. ಕಾಗವಾಡ, ಅಥಣಿ ಕಡಿಂದ, ಒಮ್ಮೊಮ್ಮೆ ಹೊಳಿ ದಾಟಿ ರಾಯಬಾಗದಿಂದನೂ ಮಂದಿ ಬರ್ತಾರ. ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ಉಳಿದದ್ದು ಕೆರಕೊಳ್ಳೂದು. ದಿನಾ ಒಂದಿಲ್ಲೊಂದು ಮಜಾ ಆಗೇ ಆಗ್ತೈತಿ. ನಕ್ಕರ ಪೇಶಂಟಿಗಿ ಸಿಟ್ಟು, ನಗದಿದ್ರ ನನ್ನ ಹೊಟ್ಟಿಗಿ ತ್ರಾಸು. ಅದರಾಗ ಈ ದ್ರಾಕ್ಷಿ ಅಜ್ಜಂದು ಮಾತ್ರ ನಾ ಸಾಯೂತನಾ ಮರಿಯೂದಿಲ್ಲ.

ದೇವರ ಮಾಡದಾಗಿನ ಟ್ಯೂಬು

ದ್ರಾಕ್ಷಿ ತ್ವಾಟದ ಮಾಲಕ ಅಜ್ಜ. ಬಿಳಿ ಧೋತರ, ತಲಿಮ್ಯಾಲ ಟೊಪಿಗಿ. ಹಿಂದ ಅಜ್ಜಿ, ಮೊಣಕೈತನಾ ಹಸರ ಬಳಿ ತೊಟ್ಟಾಕಿ. ಅಜ್ಜ ಅಂಗಿ ಎತ್ತಿ ತೋರಿಸಿದ. ಉಡದಾರದ ಗುಂಟ, ಕಂಕಳಾಗ, ಬೆನ್ನಿಗಿ, ಎಲ್ಲಾ ಕಡಿ ದುಂಡ ದುಂಡ ಕಲಿ. ಕೆಲವು ಅಂಚು ಮಾಸಿ, ಇದು ಗಜಕರ್ಣ ಹೌದೋ ಅಲ್ಲೋ ಅನ್ನೂವಂಗ ಆಗಿದ್ವು. ನನಗ ಆಗಲೇ ಸಂಶೆ ಬಂತು.

"ಅಜ್ಜಾ, ಇದಕ್ಕ ಏನ್ ಹಚ್ಚೀರಿ?"

"ಅಂಗಡ್ಯಾಗ ಕೇಳಿ ಒಂದು ಟ್ಯೂಬ್ ತಂದೇನ್ರಿ. ಹಚ್ಚಿದ ಕೂಡ್ಲೆ ಕೆರತ ಬಂದ್. ಬಿಟ್ಟ ಕೂಡ್ಲೆ ಡಬಲ್."

"ಈಗ ಆ ಟ್ಯೂಬ್ ಎಲ್ಲೈತಿ?"

"ದೇವರ ಮಾಡದಾಗ ಇಟ್ಟೇವ್ರಿ. ಮನ್ಯಾಗ ಯಾರಿಗಿ ಕೆರದ್ರೂ ಕೈಗಿ ಸಿಗಬೇಕಲ್ಲರಿ!"

ನಾ ಅಜ್ಜಿ ಕಡಿ ತಿರುಗಿದೆ. "ಆಯಿ, ನಿಮಗೂ ಐತೇನ್ರಿ?"

"ಅಯ್ಯ, ನನಗ್ಯಾಕ ಬರ್ತೈತ್ರಿ ಬಾಯಾರ?" ಅಂತ ಅಜ್ಜಿ ಸೆರಗು ಎಳಕೊಂಡ್ಲು. "ನಾ ದಿನಾ ಎರಡ ಹೊತ್ತು ಜಳಕಾ ಮಾಡಾಕಿ! ಇವರಿಗಿ ಹೇಳ್ರಿ, ಆಕಳ ಕರಾ ಅಪ್ಕೊಂಡು ತಿರಗತಾರ. ಮನ್ಯಾಗ ಮಗಳು ಬಾಣಂತಿ ಅದಾಳ. ಕೂಸಿನ ಹತ್ರ ಇವರನ್ನ ನಾ ಬಿಟ್ಟೇ ಇಲ್ಲ. ಹೊಸ್ತಲಾ ದಾಟಿದ್ರ ಲಟ್ಟಣಿಗಿ ತಗೊಂತೇನಿ."

ಅಜ್ಜನ ಮಾರಿ ಸಣ್ಣದಾತು. ಮಗಳ ಮದುವಿ ಆಗಿ ಭಾಳ ವರ್ಷದ ಮ್ಯಾಲ ಹುಟ್ಟಿದ ಕೂಸಂತ ಅದು, ಹೆಣ್ಣ ಕೂಸು. ಅಜ್ಜ ಖಿಡಕಿಯಾಗಿಂದ ಅಷ್ಟ ನೋಡ್ತಾನ. ಐದು ತಿಂಗಳು ತುಂಬಿದ ಕೂಡ್ಲೆ ತೊಟ್ಟಲ ಕೊಟ್ಟು ಮಗಳನ್ನ ನಿಪ್ಪಾಣಿಗಿ, ಗಂಡನ ಮನಿಗಿ ಕಳಸಬೇಕು.

"ಅಷ್ಟರಾಗ ಒಮ್ಮೆ ತೊಡಿಮ್ಯಾಲ ಹಾಕ್ಕೋಬೇಕ್ರಿ ಬಾಯಾರ. ಬ್ಯಾರೆ ಏನೂ ಬ್ಯಾಡ," ಅಂದ.

"ಆಗ್ತೈತ್ರಿ ಅಜ್ಜಾ. ಆದ್ರ ಮೊದಲ ಆ ಟ್ಯೂಬ್ ಒಗೀರಿ. ಕರಕ್ಕೂ ಗಜಕರ್ಣ ಐತೇನು?"

"ಇತ್ರಿ. ಅದಕ್ಕೂ ಅದ ಟ್ಯೂಬ್ ಹಚ್ಚಿದ್ವಿ. ಅದು ಹಚ್ಚಿದ್ದೆಲ್ಲಾ ನೆಕ್ಕಿ ಬಿಡ್ತಿತ್ತು. ಅದಕ್ಕ ಗುಣಾತು, ನನಗಾಗಲಿಲ್ಲ." ಅಜ್ಜ ಸ್ವಲ್ಪ ಮುಂದ ಬಾಗಿ, ಅಜ್ಜಿಗಿ ಕೇಳದಂಗ ಕೇಳಿದ. "ಬಾಯಾರ, ನಾವೂ ನೆಕ್ಕಬೇಕಾಗಿತ್ತೇನ್ರಿ?"

ಕಾವಲುಗಾರನ ಊಟ

ನಗು ತಡಕೊಂಡು ತಿಳಿಸಿ ಹೇಳಾಕ ಕುಂತೆ. "ನೋಡ್ರಿ ಅಜ್ಜಾ, ಹಳೇ ರೊಟ್ಟಿಗಿ ಬುರಶಿ ಬರ್ತೈತಲ್ಲ, ಗಜಕರ್ಣ ಅಂದ್ರ ಅಂಥಾದ್ದ ಒಂದು ಬುರಶಿ. ಮೈಮ್ಯಾಲಿನ ಸತ್ತ ಚರ್ಮ ತಿಂದು ಬದುಕತೈತಿ. ನಿಮ್ಮ ರಕ್ತದಾಗ ಕಾವಲುಗಾರರು ಅದಾರ. ಕಳ್ಳ ಬಂದಾನಂತ ಗೊತ್ತಾದ ಕೂಡ್ಲೆ ಓಡಿ ಬಂದು ಬಡಿದಾಡ್ತಾರ. ಆ ಕೆಂಪು, ಆ ತುರಿಕಿ, ಅದ ಬಡಿದಾಟದ ಗದ್ದಲ. ನಡುವ ಹೊಡದು ಓಡಸ್ತಾರ, ಬುರಶಿ ಅಂಚಿಗಿ ಸರೀತೈತಿ. ಅದಕ್ಕ ದುಂಡಗ ಕಾಣಿಸ್ತೈತಿ."

"ಹಂಗಾದ್ರ ಟ್ಯೂಬು?"

"ನಿಮ್ಮ ಟ್ಯೂಬು ಕಾವಲುಗಾರಗ ನಿದ್ದಿ ಗುಳಗಿ! ಕಾವಲುಗಾರ ಮಲಗಿದ, ಗದ್ದಲ ನಿಂತು. ಕಳ್ಳ ಹೋದ ಅಂತ ನೀವು ತಿಳಕೊಂಡ್ರಿ. ಅಂವ ಒಳಗ ಕುಂತು ಆರಾಮ ಉಣ್ಣಾಕತ್ತಾನ. ಕರಾ ನೆಕ್ಕಿ ತಗದ್ರಿಂದ ಅದರ ಕಾವಲುಗಾರ ಎಚ್ಚರ ಉಳಿದ, ಅದರ ಕೆಲಸ ಅವನ ಮಾಡಿದ."

ಅಜ್ಜ ತೊಡಿ ತಟ್ಟಿಕೊಂಡ. "ಆತೇಳ್ರಿ! ಈಗ ತಿಳೀತು!" ಅಂತ ಗುಳಗಿ, ಮುಲಾಮು ತಗೊಂಡು ಹೋದ. ಇಷ್ಟು ಶಾಣ್ಯಾ ಪೇಶಂಟ್ ನನಗ ಸಿಕ್ಕಿರಲೇ ಇಲ್ಲ ಅಂತ ನಾನೂ ಉಬ್ಬಿದೆ.

ಮುಂದಿನ ಸಲ ಬಂದಾಗ ಅಂಗಿ ಗುಂಡಿ ಹೊಟ್ಟಿಮ್ಯಾಲ ಜಗ್ಗಾಕತ್ತಿದ್ವು. ಗಜಕರ್ಣ ಇದ್ದಲ್ಲೇ ಇತ್ತು. ನನಗ ಅನುಮಾನ ಬಂದು ರಕ್ತ ತಪಾಸ ಮಾಡಿಸಿದೆ. ಸಕ್ರಿ ಆಕಾಶಕ್ಕ ಹತ್ತಿತ್ತು.

"ಅಜ್ಜಾ, ಏನ್ ತಿನ್ನಾಕತ್ತೀರಿ?"

"ನಮ್ಮ ತ್ವಾಟದ ಒಣದ್ರಾಕ್ಷಿ ರೀ. ಮುಂಜಾನಿ ಒಂದು ಬೊಗಸಿ, ಸಂಜಿಕ ಒಂದು ಬೊಗಸಿ. ಪಾಪ, ಕಾವಲುಗಾರರು ಹಗಲೂರಾತ್ರಿ ಬಡಿದಾಡ್ತಾರ, ಅವರಿಗಿ ತಾಕತ್ತು ಬ್ಯಾಡೇನ್ರಿ?"

ನನ್ನ ಪಿತ್ತ ನೆತ್ತಿಗೇರಿತು. "ರಕ್ತದಾಗ ಸಕ್ರಿ ಹೆಚ್ಚಾದ್ರ ಕಾವಲುಗಾರ ಮಂದ ಆಗ್ತಾನ್ರಿ, ಬುರಶಿ ಉಬ್ಬತೈತಿ! ನೀವು ಕಾವಲುಗಾರಗ ಉಣಿಸಿಲ್ಲ ಅಜ್ಜಾ, ಕಳ್ಳಗ ಹಬ್ಬದ ಊಟ ಹಾಕೀರಿ!"

ಅಜ್ಜ ಒಂಚೂರೂ ಗಾಬರಿ ಆಗಲಿಲ್ಲ. "ಒಣದ್ರಾಕ್ಷಿ ಅಷ್ಟು ಸೇರತೈತಿ ಅಂದ್ರ ಕಳ್ಳ ನಮ್ಮ ತಾಲೂಕಿನಾಂವನ ಇರಬೇಕ್ರಿ."

ನೆಳ್ಳಾಗ ಒಣಗಿದ ಚಡ್ಡಿ

ಸಕ್ರಿ ಗುಳಗಿನೂ ಸುರು ಆದ್ವು. ಒಣದ್ರಾಕ್ಷಿ ಡಬ್ಬಿಗಿ ಅಜ್ಜಿ ಕೀಲಿ ಹಾಕಿದ್ಲು. ಅರಬಿ ಕುದಿಯೂ ನೀರಾಗ ಹಾಕಿ, ಒಗದು, ಚಂದಂಗ ಒಣಗಿಸಿ ಹಾಕ್ಕೋರಿ ಅಂತ ಹೇಳಿ ಕಳಿಸಿದ್ದೆ. ಆದ್ರೂ ಅಜ್ಜ ಬಂದಾಗ ಅಂಗಿ ಬನೀನು ಎಲ್ಲಾ ಮುಗ್ಗಿದ ವಾಸನಿ ಹೊಡ್ಯಾಕತ್ತಿತ್ತು.

"ಒಣಗಿಸೀರೋ ಇಲ್ಲೋ?"

"ಒಣಗಿಸೇನ್ರಿ. ದ್ರಾಕ್ಷಿ ಒಣಹಾಕೂ ಶೆಡ್ಡಿನಾಗ, ಜಾಳಗಿ ಮ್ಯಾಲ ಸಾಲಾಗಿ ಹಾಸೇನಿ."

"ಅಲ್ಲಿ ಬಿಸಲ ಎಲ್ಲಿ ಬೀಳತೈತ್ರಿ? ಬಿಸಲಾಗ ಹಾಕಬೇಕಲ್ಲ!"

ಅಜ್ಜ ನನ್ನ ಮಾರಿ ನೋಡಿ, ಏನೂ ತಿಳಿಯದ ಹುಡುಗಿಗಿ ಹೇಳಿದಂಗ ಹೇಳಿದ. "ಬಾಯಾರ, ಬಿಸಲಾಗ ಹಾಕಿದ್ರ ಬಣ್ಣ ಕರ್ರಗಾಗ್ತೈತಿ. ರೇಟ್ ಬರೂದಿಲ್ಲ."

"ನಿಮ್ಮ ಚಡ್ಡಿ ಯಾವ ವ್ಯಾಪಾರಿ ತಗೊಳ್ಳಾಂವ ಅದಾನ್ರಿ ಅಜ್ಜಾ?"

ಎಕ್ಸ್‌ಪೋರ್ಟ್ ಮಾಲ್

ಅಲ್ಲಿಂದ ಮುಂದ ಎಲ್ಲಾ ಸುರಳೀತ ನಡೀತು. ಕಲಿ ಮಾಸಿದ್ವು, ಕೆರತ ನಿಂತು. "ನಿಂತ್ರೂ ಔಷಧ ಬಿಡಬ್ಯಾಡ್ರಿ, ನಾ ಸಾಕು ಅನ್ನೂತನಾ ತಗೋರಿ," ಅಂತ ಕೈಮುಗಿದು ಹೇಳಿದೆ. ಮಗಳು ಹೋಗೂ ದಿನ ಹತ್ರ ಬರಾಕತ್ತಿತ್ತು. ಅಜ್ಜ ಹೊಸ ಅಂಗಿ ಹೊಲಿಸಾಕ ಹಾಕ್ಯಾನಂತ ಅಜ್ಜಿ ನಕ್ಕೋತ ಹೇಳಿದ್ಲು.

ಒಂದ ದಿನ ನೋಡ್ತೇನಿ, ಅಜ್ಜ ಬಾಗಲದಾಗ ತಲಿ ತಗ್ಗಿಸಿ ನಿಂತಾನ. ಉಡದಾರದ ಗುಂಟ ಕಲಿ ಮತ್ತ ಎದ್ದಾವ.

"ಔಷಧ ಬಿಟ್ರೇನು?"

"ಬಿಟ್ಟೆರಿ."

"ಯಾಕ? ನಾ ಹೇಳಿದ್ದು ಗೋಡಿಗಿ ಹೇಳಿದ್ನೇನು? ಹಿಂಗ ಮಾಡಿದ್ರ ಮಮ್ಮಗಳ ಮಾರಿ ಖಿಡಕಿಯಾಗ ನೋಡಿ ಟಾಟಾ ಮಾಡ್ರಿ!" ಅಂತ ಖರೇನ ಒದರಿಬಿಟ್ಟೆ. ಹೊರಗ ಕುಂತ ಪೇಶಂಟ್‌ಗಳೆಲ್ಲಾ ಕೆರಕೊಳ್ಳೂದು ನಿಲ್ಲಿಸಿದ್ರು.

ಅಜ್ಜ ಸಾವಕಾಶ ಹೇಳಿದ. "ಬಾಯಾರ, ನಮ್ಮ ದ್ರಾಕ್ಷಿ ಪರದೇಶಕ್ಕ ಹೊಕ್ಕಾವ್ರಿ. ಕಾಯಿ ಕಡಿಯೂ ಮೊದಲ ಹುಳದ ಎಣ್ಣಿ ಹೊಡಿಯೂದು ಬಂದ್ ಮಾಡಬೇಕು. ಇಲ್ಲಂದ್ರ ಕಾಯ್ಯಾಗ ಎಣ್ಣಿ ಅಂಶ ಉಳಿತೈತಿ, ತಪಾಸದಾಗ ಮಾಲ್ ವಾಪಸ್. ಈಗ ಕೂಸನ್ನ ತೊಡಿಮ್ಯಾಲ ಹಾಕ್ಕೊಳ್ಳೂ ದಿನ ಬಂತು. ನನ್ನ ಮೈಯಾಗಿನ ಔಷಧ ಆ ಎಳೀ ಜೀವಕ್ಕ ಹತ್ತಬಾರದಂತ, ಅದಕ್ಕ ಬಂದ್ ಮಾಡಿದೆ."

ಕೂಸನ್ನ ಎತ್ಕೊಳ್ಳಾಕಂತ ಔಷಧ ತಗೊಂಡಾಂವ, ಕೂಸಿನ ಸಲುವಾಗೇ ಔಷಧ ಬಿಟ್ಟಿದ್ದ. ಬೈದದ್ದಕ್ಕ ನನಗ ಕೆಟ್ಟ ಅನಿಸಿತು. ಕಣ್ಣಾಗ ನೀರೂ ಬಂತು, ಅದರ ಹಿಂದ ನಗುನೂ ಬಂತು. ಮೂಗು ಒರಸ್ಕೊಂಡು ಹೊಸ ಚೀಟಿ ಬರದೆ.

"ಅಜ್ಜಾ, ನೀವು ಎಕ್ಸ್‌ಪೋರ್ಟ್ ಮಾಲ್ ಅಲ್ರಿ. ನಮ್ಮೂರ ಮಾಲು. ಔಷಧ ಸಮೇತ ನಡೀತೈತಿ."

ಕಡೀ ಪೇಶಂಟು

ಈ ಸಲ ಅಜ್ಜ ಒಂದ ಗುಳಗಿನೂ ತಪ್ಪಿಸಲಿಲ್ಲ. ಸಕ್ರಿ ಇಳೀತು, ಕಲಿ ಹೋದ್ವು. ಮಗಳನ್ನ ಕಳಿಸೂ ಮೊದಲ ಮನಿಗಿ ಊಟಕ್ಕ ಬರಾಕಬೇಕು ಅಂತ ಹಟಾ ಹಿಡಿದ. "ನಿಮ್ಮ ಎದುರಿಗೇ ಎತ್ಕೊಂತೇನ್ರಿ. ಇಲ್ಲಂದ್ರ ನಮ್ಮಾಕಿ ನಂಬೂದಿಲ್ಲ."

ಹೋದೆ. ಅಂಗಳದಾಗ ಬಣ್ಣ ಹಚ್ಚಿದ ತೊಟ್ಟಲ ತಯಾರಿತ್ತು. ಅಜ್ಜ ಹೊಸ ಅಂಗಿ ಹಾಕ್ಕೊಂಡು ಬಾಣಂತಿ ಖೋಲಿ ಹೊಸ್ತಲ ಹೊರಗ ನಿಂತಿದ್ದ. ಒಳಗ ಅಜ್ಜಿ ಕೂಸನ್ನ ಬಗಲಾಗ ಹಿಡಕೊಂಡು ಪೊಲೀಸರಂಗ ನಿಂತಿದ್ಲು. ನಾ ಬೆಳಕಿಗಿ ನಿಲ್ಲಿಸಿ ಅಜ್ಜನ ಮೈಯೆಲ್ಲಾ ನೋಡಿದೆ. "ಪಾಸ್!" ಅಂದೆ. ಮಗಳು ಚಪ್ಪಾಳಿ ತಟ್ಟಿದ್ಲು.

ಅಷ್ಟರಾಗ ನನ್ನ ಕಣ್ಣು ದೇವರ ಮಾಡದ ಮ್ಯಾಲ ಬಿತ್ತು. ಅಲ್ಲೇ ಇತ್ತು ಆ ಹಾಳ ಟ್ಯೂಬು. ಹಳೇದಲ್ಲ, ಹೊಸಾದು! ಬುಡದಿಂದ ಕುತ್ತಿಗಿತನಾ ಸುರಳಿ ಸುತ್ತಿ ಹಿಂಡಿದ್ರು.

"ಅಜ್ಜಾ! ಏನ್ರಿ ಇದು?"

"ದೇವರಾಣಿ ನಾ ಅಲ್ರಿ!" ಅಂತ ಅಜ್ಜ ಅಳೂ ಮಾರಿ ಮಾಡಿದ. "ನಾ ಮುಟ್ಟಿದ್ರ ನನ್ನ ಕೈ ಬೀಳ್ಲಿ!"

ಖರೇ ಇತ್ತು. ಈಗಷ್ಟ ಮೈ ನೋಡಿದ್ದೆ, ಒಂದ ಕಲಿ ಇರಲಿಲ್ಲ. ಹಂಗಾದ್ರ ಯಾರು? ಮಗಳು ತನ್ನ ಕೈ ಎರಡೂ ಚಾಚಿ ತೋರಿಸಿದ್ಲು, ಸ್ವಚ್ಛ ಇದ್ವು. ಅಜ್ಜಿ ಮಾತ್ರ ಸೆರಗು ಎಳದು ಕೈ ಮುಚ್ಕೊಂಡ್ಲು. ಮೊದಲ ದಿನ ದವಾಖಾನ್ಯಾಗೂ ಹಿಂಗ ಎಳಕೊಂಡಿದ್ಲು ಅಂತ ಆಗ ನೆನಪಾತು.

"ಆಯಿ, ಬಳಿ ಸ್ವಲ್ಪ ಮ್ಯಾಲ ಸರಸ್ರಿ."

"ಏನಿಲ್ರಿ... ಬಳಿ ಸ್ವಲ್ಪ ಒತ್ತೇತಿ ಅಷ್ಟ."

ಹಸರ ಬಳಿ ಸರಿಸಿದೆ. ಮುಂಗೈಯಿಂದ ಮೊಣಕೈತನಾ ಒಂದಕ್ಕೊಂದು ಕೂಡಿದ ಕಲಿ! ಅಜ್ಜಿ ಗಳಗಳ ಅತ್ತಳು. "ಹೇಳಿದ್ರ ಕೂಸನ್ನ ಕೊಡೂದಿಲ್ಲಂತೀರಿ ಅಂತ ಮುಚ್ಚಿಟ್ಟೆರಿ. ಇವರು ಖಿಡಕಿಯಾಗ ನಿಂತದ್ದು ನೋಡಿದ್ದೆ. ನನ್ನ ಕಡಿಂದ ಹಂಗ ನಿಲ್ಲಾಕ ಆಗ್ತಿದ್ದಿಲ್ಲ."

ಕೂಸಿನ ಮೈ ಇಂಚಿಂಚು ನೋಡಿದೆ. ದೇವರ ದಯಾ, ಏನೂ ಹತ್ತಿರಲಿಲ್ಲ. ಅಜ್ಜನ್ನ ಖೋಲಿ ಒಳಗ ಕರದು ಕೂಡಿಸಿ, ಕೂಸನ್ನ ಅಜ್ಜಿ ಬಗಲಾಗಿಂದ ತಗೊಂಡು ಅವನ ತೊಡಿಮ್ಯಾಲ ಹಾಕಿದೆ. ಅದು ಅವನ ಮೀಸಿ ಹಿಡದು ಜಗ್ಗಿತು. ಅಜ್ಜ ನಗೂದೋ ಅಳೂದೋ ತಿಳೀದ ಹಂಗ ಕುಂತಿದ್ದ. ಅಜ್ಜಿ ತಾನಾಗೇ ಹೊಸ್ತಲ ದಾಟಿ ಹೊರಗ ಹೋಗಿ, ಅದ ಖಿಡಕಿ ಮುಂದ ನಿಂತ್ಲು.

ಈಗ ಅಜ್ಜ ಸೇಡು ತೀರಿಸ್ಕೊಂತಾನಂತ ನಾ ತಿಳಕೊಂಡಿದ್ದೆ. ಅಂವ ಕೂಸನ್ನ ಎತ್ಕೊಂಡು ಸೀದಾ ಖಿಡಕಿಗಿ ಹೋದ. ಸರಳಿನ ಹತ್ರ ಅದರ ಮಾರಿ ತಿರುಗಿಸಿ ಹಿಡದು, "ನೋಡು, ಚಂದಂಗ ನೋಡು. ನನಗ ಹಿಂಗ ಯಾರೂ ತೋರಿಸಿರಲಿಲ್ಲ," ಅಂದ. ಅಜ್ಜಿ ಇನ್ನಷ್ಟು ಅತ್ತಳು. ಮಗಳೂ ಅತ್ತಳು. ನಾನೂ ಕನ್ನಡಕ ತಗದು ಒರಸ್ಕೊಂಡೆ.

"ನೀ ಗುಣಾಗೂತನಾ ನಾ ನಿಪ್ಪಾಣಿಗಿ ಹೋಗೂದಿಲ್ಲವ್ವಾ," ಅಂದ್ಲು ಮಗಳು. "ನನ್ನ ಬಿಟ್ಟು ಬರಾಕ ನೀನ ಬರಬೇಕು." ನಮ್ಮ ಕಡಿ ಪದ್ಧತಿ ಅದು, ಬಾಣಂತಿನ ತೊಟ್ಟಲ ಸಮೇತ ತಾಯೇ ಹೋಗಿ ಬಿಟ್ಟು ಬರಬೇಕು.

ನಾ ಚೀಟಿ ಬರ್ಯಾಕ ಕುಂತೆ. ಅಜ್ಜ ಮಮ್ಮಗಳನ್ನ ಎದಿಗಿ ಒತ್ತಿ ಹಿಡಕೊಂಡು ನನ್ನ ಮಗ್ಗಲಕ ಬಂದ. ಖಿಡಕಿ ಕಡಿ ಒಮ್ಮೆ ನೋಡಿ, ದನಿ ಇಳಿಸಿ ಹೇಳಿದ.

"ಬಾಯಾರ, ಪಾಪ ವಯಸ್ಸಾದ ಜೀವ. ಆಕಿಗಿ ಸ್ವಲ್ಪ ಸಾವಕಾಶ ಗುಣಾಗೂ ಔಷಧ ಬರೀರಿ."